ಅರ್ಜಿ ಬರುವ ಮೊದಲೇ ಮನೆ ಬಾಗಿಲಿಗೆ: ಗ್ರಾಮ ಪಂಚಾಯಿತಿ ಮುಂಚಿತವಾಗಿ ನೆರವಾಗುವುದು ಹೇಗೆ?

ಗ್ರಾಮ ಪಂಚಾಯಿತಿ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತವರನ್ನು ಒಮ್ಮೆ ಗಮನಿಸಿ. ಬಹುಪಾಲು ಮಂದಿ ಅರ್ಜಿ ಬರೆಯಲು ಅಥವಾ ಬರೆಸಲು ಬಲ್ಲವರು, ಒಂದು ದಿನದ ಕೂಲಿ ಹೋದರೂ ತಡೆದುಕೊಳ್ಳಬಲ್ಲವರು, ಸದಸ್ಯರಲ್ಲಿ ಯಾರನ್ನಾದರೂ ಹೆಸರು ಹಿಡಿದು ಮಾತನಾಡಿಸಬಲ್ಲವರು. ನೆರವು ಎಲ್ಲರಿಗಿಂತ ಮೊದಲು ಸಿಗಬೇಕಾದವರು ಅಲ್ಲಿರುವುದಿಲ್ಲ. ಗಂಡ ತೀರಿ ಎರಡು ತಿಂಗಳಾದ ಹೆಂಗಸು ಕೂಲಿಗೆ ಹೋಗಿರುತ್ತಾಳೆ. ತಾಂಡಾದ ಮುದುಕ ಹೊರಸಿನ ಮೇಲೆ ಮಲಗಿರುತ್ತಾನೆ. ಏಳನೇ ತರಗತಿಯ ಹುಡುಗಿ ಹತ್ತಿ ಬಿಡಿಸುವ ಹೊಲದಲ್ಲಿರುತ್ತಾಳೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ನಮ್ಮ ಕಲ್ಯಾಣ ಕರ್ನಾಟಕದ ಯಾದಗಿರಿ ಜಿಲ್ಲೆಯದು ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಅರ್ಧದಷ್ಟು ಜನ ಓದಲಾರದ ಜಿಲ್ಲೆಯಲ್ಲಿ ‘ಅರ್ಜಿ ಕೊಡಲಿ, ನೋಡೋಣ’ ಎನ್ನುವ ಪಂಚಾಯಿತಿ ಉಳ್ಳವರಿಗೇ ಇನ್ನಷ್ಟು ಬಡಿಸಿದಂತೆ ಆಗುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡುವುದಿಲ್ಲ, ಆದರೆ ಫಲ ಅದೇ. ಊರೊಳಗಿನ ಅಂತರ ತಗ್ಗಬೇಕಾದರೆ ಪಂಚಾಯಿತಿ ಅರ್ಜಿಗೆ ಕಾಯುವುದನ್ನು ಬಿಟ್ಟು, ಕುಟುಂಬ ಕುಸಿಯುವ ಮುನ್ನ ತಾನೇ ಬಾಗಿಲಿಗೆ ಹೋಗಬೇಕು.

ಕುಸಿತ ಒಂದೇ ದಿನದಲ್ಲಿ ಆಗುವುದೂ ಇಲ್ಲ. ಮನೆಯಲ್ಲಿ ಯಾರಿಗೋ ಕಾಯಿಲೆ, ಅದರ ಖರ್ಚಿಗೆ ಕೈಸಾಲ, ಸಾಲ ತೀರಿಸಲು ಮೇಸ್ತ್ರಿಯಿಂದ ಮುಂಗಡ, ಮುಂಗಡ ತೀರಿಸಲು ಗುಳೆ, ಗುಳೆ ಹೋದದ್ದಕ್ಕೆ ಮಗಳ ಶಾಲೆ ನಿಲ್ಲುವುದು, ಶಾಲೆ ಬಿಟ್ಟು ಮನೆಯಲ್ಲಿರುವ ಮಗಳಿಗೆ ಬೇಗ ಮದುವೆ. ಈ ಸರಪಳಿಯ ಮೊದಲ ಕೊಂಡಿಯಲ್ಲಿ ಒಂದು ಪ್ರಮಾಣಪತ್ರ ಅಥವಾ ಒಂದು ವಾರದ ಕೂಲಿ ಕೆಲಸ ಸಾಕಾಗುತ್ತದೆ. ಕೊನೆಯ ಕೊಂಡಿಗೆ ಬಂದಾಗ ಪೊಲೀಸರು, ಮಕ್ಕಳ ಕಲ್ಯಾಣ ಸಮಿತಿ, ನ್ಯಾಯಾಲಯ ಎಲ್ಲ ಸೇರಿದರೂ ಹುಡುಗಿಯ ಕಳೆದುಹೋದ ವರ್ಷಗಳು ಮರಳುವುದಿಲ್ಲ.

ಇದನ್ನು ಪಂಚಾಯಿತಿ ಸದಸ್ಯರು, ಪಿಡಿಒಗಳು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು), ಸಂಜೀವಿನಿ ಸ್ವಸಹಾಯ ಗುಂಪುಗಳ ಒಕ್ಕೂಟದ ಮಹಿಳೆಯರು ಮತ್ತು ಊರಿನ ಬಗ್ಗೆ ಕಾಳಜಿ ಇರುವ ಯುವಕರಿಗಾಗಿ ಬರೆಯುತ್ತಿದ್ದೇನೆ. ಹೊಸ ಯೋಜನೆಯಾಗಲಿ, ಬೆಂಗಳೂರಿನ ಆದೇಶವಾಗಲಿ ಇದಕ್ಕೆ ಬೇಕಾಗಿಲ್ಲ. ಇರುವ ಯೋಜನೆಗಳು ಸರಿಯಾದ ಮನೆಗೆ, ಸರಿಯಾದ ತಿಂಗಳಲ್ಲಿ ತಲುಪಿದರೆ ಸಾಕು.

ಮೊದಲ ಹೆಜ್ಜೆ: ಊರಿನ ಕಷ್ಟದ ತಿಂಗಳುಗಳನ್ನು ಗುರುತಿಸಿ

ಪಂಚಾಯಿತಿಯ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಬಡವರ ಮನೆಯ ಲೆಕ್ಕ ಬೇರೆ. ಜೂನ್–ಜುಲೈನಲ್ಲಿ ತೊಗರಿ, ಹತ್ತಿ ಬಿತ್ತನೆ. ಬೀಜ, ಗೊಬ್ಬರಕ್ಕೆ ಸಾಲ. ಅದೇ ತಿಂಗಳಲ್ಲಿ ಶಾಲೆ ತೆರೆದು ಮಕ್ಕಳ ಖರ್ಚೂ ಬರುತ್ತದೆ. ಮಳೆಗಾಲದ ನಡುವೆ ಮನೆಯ ಜೋಳದ ಚೀಲ ಬರಿದಾಗುತ್ತದೆ. ಭೀಮಾ, ಕೃಷ್ಣಾ ದಂಡೆಯ ಊರುಗಳಲ್ಲಿ ನೆರೆಯ ಭಯವೂ ಆಗಲೇ. ದಸರೆಯ ಆಚೆಗೆ ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸುವ ಕೆಲಸ; ತರಗತಿಗಳಲ್ಲಿ ಹುಡುಗಿಯರ ಸಂಖ್ಯೆ ಇಳಿಯುವುದು ಆಗ. ತೊಗರಿ ರಾಶಿ ಮುಗಿದ ಮೇಲೆ ಊರಲ್ಲಿ ಕೆಲಸವಿಲ್ಲ. ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ ಬಸ್‌ಗಳು ತುಂಬುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ ಮದುವೆ ಕಾಲ, ಅದರಲ್ಲಿ ಬಾಲ್ಯವಿವಾಹಗಳೂ ಸೇರಿರುತ್ತವೆ.

ನಿಮ್ಮ ಊರಿನ ಹನ್ನೆರಡು ತಿಂಗಳನ್ನು ಹೀಗೆ ಒಂದು ಹಾಳೆಯಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿ. ನೀರಾವರಿ ಊರಿಗೂ ಮಳೆಯಾಶ್ರಿತ ಊರಿಗೂ ಇದು ಬೇರೆಯಾಗಿರುತ್ತದೆ. ನಾರಾಯಣಪುರ ಕಾಲುವೆಯ ನೀರು ಕಂಡ ಊರಿನ ಗುಳೆ ಮತ್ತು ಗುರುಮಠಕಲ್ ಕಡೆಯ ತಾಂಡಾದ ಗುಳೆ ಒಂದೇ ತಿಂಗಳಲ್ಲಿ ಶುರುವಾಗುವುದಿಲ್ಲ. ಪ್ರತಿ ಕಷ್ಟದ ತಿಂಗಳಿಗೂ ಒಂದು ತಿಂಗಳು ಮೊದಲು ಪಂಚಾಯಿತಿಯ ಕೆಲಸ ಶುರುವಾಗಬೇಕು. ಎಳ್ಳಮಾವಾಸ್ಯೆ, ಉಗಾದಿ, ಮೊಹರಂಗೆ ಗುಳೆ ಹೋದವರು ಊರಿಗೆ ಬರುತ್ತಾರೆ. ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಲು ಬಂದ ಕುಟುಂಬ ಎರಡು–ಮೂರು ದಿನ ಇದ್ದು ಹೊರಟುಬಿಡುತ್ತದೆ. ಮನೆ ಮನೆಯ ಮಾಹಿತಿ ಸೇರಿಸಲು, ಮಕ್ಕಳ ಆಧಾರ್ ಸರಿಪಡಿಸಲು ಆ ದಿನಗಳಷ್ಟು ಒಳ್ಳೆಯ ಸಮಯ ಇನ್ನೊಂದಿಲ್ಲ. ಅಂದು ಕಚೇರಿಗೆ ಬೀಗ ಹಾಕಿದರೆ ಮುಂದಿನ ಅವಕಾಶ ತಿಂಗಳುಗಳ ನಂತರವೇ.

ಎರಡನೆಯದು: ಕಣ್ಣಿಗೆ ಕಾಣುವವರನ್ನು ಒಂದೆಡೆ ಕೂರಿಸಿ

ಊರಿನಲ್ಲಿ ಯಾರ ಮನೆ ಸಂಕಟದಲ್ಲಿದೆ ಎಂಬುದು ಯಾರಿಗೋ ಒಬ್ಬರಿಗೆ ಗೊತ್ತೇ ಇರುತ್ತದೆ. ತೊಂದರೆಯೆಂದರೆ ಆ ಒಬ್ಬರು ಪ್ರತಿ ಸಲ ಬೇರೆ ಬೇರೆ. ಅಂಗನವಾಡಿ ಕಾರ್ಯಕರ್ತೆಗೆ ಮಗುವಿನ ತೂಕ ಗೊತ್ತು. ಆಶಾ ಕಾರ್ಯಕರ್ತೆಗೆ ಯಾವ ಬಾಣಂತಿ ತಪಾಸಣೆಗೆ ಬಂದಿಲ್ಲ ಎಂಬುದು ಗೊತ್ತು. ಮುಖ್ಯ ಶಿಕ್ಷಕರಿಗೆ ಗೈರುಹಾಜರಿ ಗೊತ್ತು. ನ್ಯಾಯಬೆಲೆ ಅಂಗಡಿಯವರಿಗೆ ಯಾರು ಎರಡು ತಿಂಗಳಿಂದ ಪಡಿತರ ಒಯ್ದಿಲ್ಲ ಎಂಬುದು ಗೊತ್ತು. ನೀರು ಬಿಡುವವರಿಗೆ ಯಾವ ಮನೆಗೆ ಬೀಗ ಬಿದ್ದಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಪ್ರತಿ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರು ಇರುತ್ತಾರೆ. ಸಭೆಗಳಿಗೆ ಅವರನ್ನು ಕರೆಯುವುದೇ ಅಪರೂಪ. ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರು ಮಕ್ಕಳನ್ನು ಸಂಜೆ ಹೊತ್ತು ನೋಡುತ್ತಾರೆ.

ಇವರೆಲ್ಲರೂ ತಿಂಗಳಿಗೊಮ್ಮೆ, ಒಂದು ನಿಗದಿತ ದಿನ, ಒಂದು ಗಂಟೆ ಕೂತರೆ ಸಾಕು. ಸಭೆಗೆ ಹಾರ, ಭಾಷಣ, ನಡಾವಳಿ ಓದು ಬೇಡ. ಒಂದೇ ಪ್ರಶ್ನೆ: ಕಳೆದ ತಿಂಗಳಿಂದ ಈ ತಿಂಗಳಿಗೆ ಯಾವ ಮನೆಯಲ್ಲಿ ಏನು ಬದಲಾಗಿದೆ? ಅಧ್ಯಕ್ಷರು ಮಹಿಳೆಯಾಗಿದ್ದರೆ ಅವರೇ ಸಭೆ ನಡೆಸಲಿ, ಅವರ ಗಂಡ ಅಥವಾ ಮಗನಲ್ಲ. ಬಾಣಂತನದ ಮಾತು, ಗಂಡನ ಕುಡಿತದ ಮಾತು ಗಂಡಸರ ಮುಂದೆ ಹೊರಬರುವುದಿಲ್ಲ, ಹೊರಬಾರದ ಮಾತೇ ಮುಂಚಿನ ಸೂಚನೆ.

ಮೂರನೆಯದು: ಸೂಚನೆಗಳ ಪುಸ್ತಕ

ಈ ಕೆಲಸದ ಜೀವಾಳ ಇದು. ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಳ್ಳಿ. ಅದರಲ್ಲಿ ಮನೆ ಸೇರುವುದು ಸೂಚನೆಯ ಮೇಲೆ, ಶಿಫಾರಸಿನ ಮೇಲೆ ಅಲ್ಲ. ‘ಪಾಪ, ಬಡವರು’ ಎಂಬ ಕಾರಣಕ್ಕೆ ಸೇರಿಸತೊಡಗಿದರೆ ಪುಸ್ತಕ ನಮ್ಮವರು–ತಮ್ಮವರ ಪಟ್ಟಿಯಾಗಿ ಕೆಡುತ್ತದೆ. ನಾನು ಸೂಚಿಸುವ ಸೂಚನೆಗಳು ಇವು. ನಿಮ್ಮ ಊರಿಗೆ ತಕ್ಕಂತೆ ಸೇರಿಸಿ, ಬಿಡಿ.

ದುಡಿಯುವ ವಯಸ್ಸಿನವರೊಬ್ಬರು ಸತ್ತಿದ್ದಾರೆ, ಅಥವಾ ಹಾಸಿಗೆ ಹಿಡಿದಿದ್ದಾರೆ. ಮಗು ಒಂದು ವಾರ ದಾಟಿ ಶಾಲೆಗೆ ಬಂದಿಲ್ಲ. ಮಗುವಿನ ತೂಕ ಎರಡು ತಿಂಗಳಿಂದ ಏರಿಲ್ಲ. ಗರ್ಭಿಣಿಯ ತಾಯಿ ಕಾರ್ಡ್‌ನಲ್ಲಿ ತಪಾಸಣೆಯ ಅಂಕಣಗಳು ಖಾಲಿ ಇವೆ. ಪಡಿತರ ಎರಡು ತಿಂಗಳಿಂದ ಎತ್ತಿಲ್ಲ. ಬರುತ್ತಿದ್ದ ಪಿಂಚಣಿ ನಿಂತಿದೆ. ಹದಿನೈದು–ಹದಿನಾರರ ಹುಡುಗಿ ಶಾಲೆ ಬಿಟ್ಟು ಮನೆಯಲ್ಲಿದ್ದಾಳೆ. ಮನೆಯವರು ಮೇಸ್ತ್ರಿಯಿಂದ ಮುಂಗಡ ಪಡೆದಿದ್ದಾರೆ. ಅಂಗವಿಕಲರಿದ್ದರೂ ಗುರುತಿನ ಚೀಟಿ ಇಲ್ಲ.

ಪೌಷ್ಟಿಕತೆಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಅಂಗನವಾಡಿಯಲ್ಲಿ ಮಗುವಿನ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಪಟ್ಟಿ ಕೆಂಪು ತೋರಿಸುತ್ತದೆ: ತೀವ್ರ ಅಪೌಷ್ಟಿಕತೆ, ಆ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು, ಅವರು ಹೇಳಿದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸಬೇಕು. 11.5ರಿಂದ 12.5ರ ನಡುವೆ ಹಳದಿ. ಪಂಚಾಯಿತಿಯವರು ಕೆಂಪನ್ನು ಮಾತ್ರ ಕೇಳುತ್ತಾರೆ, ಮೇಲಿನ ಕಚೇರಿ ಕೇಳುವುದು ಅದನ್ನೇ. ಮುಂಚಿನ ನೆರವಿಗೆ ಮುಖ್ಯವಾದದ್ದು ಹಳದಿ. ಹಳದಿಯಲ್ಲಿರುವ ಮಗುವಿನ ತಾಯಿ ಯಾವ ಕೆಲಸಕ್ಕೆ ಹೋಗುತ್ತಾಳೆ, ಹಗಲಲ್ಲಿ ಮಗುವಿಗೆ ಉಣ್ಣಿಸುವವರು ಯಾರು, ಮಗುವಿನ ಹೆಸರು ಪಡಿತರ ಚೀಟಿಯಲ್ಲಿ ಇದೆಯೇ ಎಂದು ಕೇಳಬೇಕು. ಶಾಲೆಯ ಊಟದಲ್ಲಿ ಮೊಟ್ಟೆ ಕೊಡುವ ಕೆಲಸ 2021ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ಬೀದರ್, ಕಲಬುರಗಿ, ಯಾದಗಿರಿ ಮೂರೂ ಇದ್ದವು, ಕಾರಣ ಇಲ್ಲಿನ ಮಕ್ಕಳ ಅಪೌಷ್ಟಿಕತೆ. ಆದರೆ ಶಾಲೆಯ ಮೊಟ್ಟೆ ಶಾಲೆಗೆ ಬರುವ ಮಗುವಿಗೆ. ಎರಡು ವರ್ಷದ ಮಗುವನ್ನು ಕಾಯಬೇಕಾದವರು ಊರಿನವರೇ.

ಮನೆ ಮನೆಗೆ ಬೇರೆ ಬೇರೆ ಯೋಜನೆ ಮಾಡುವುದು ಆಗದ ಮಾತು ಎನ್ನುವವರಿಗೆ ಕೇರಳವನ್ನು ತೋರಿಸಬೇಕು. 2021ರ ನಂತರ ಅಲ್ಲಿನ ಸ್ಥಳೀಯ ಸಂಸ್ಥೆಗಳ ಮೂಲಕ ಆಹಾರ, ಆರೋಗ್ಯ, ಆದಾಯ, ವಸತಿ ಈ ನಾಲ್ಕನ್ನು ನೋಡಿ ಕಡು ಬಡತನದ 64,006 ಕುಟುಂಬಗಳನ್ನು ಗುರುತಿಸಿದರು. ಒಂದೊಂದು ಕುಟುಂಬಕ್ಕೂ ಅದರದೇ ಆದ ಚಿಕ್ಕ ಯೋಜನೆ ಬರೆದರು. ಒಬ್ಬರಿಗೆ ಔಷಧಿ, ಒಬ್ಬರಿಗೆ ಆಧಾರ್, ಇನ್ನೊಬ್ಬರಿಗೆ ಸೂರು. ಒಂದು ರಾಜ್ಯಕ್ಕೆ ಅಷ್ಟು ಸಾಧ್ಯವಾದರೆ ಒಂದು ಪಂಚಾಯಿತಿಗೆ ನಲವತ್ತು–ಐವತ್ತು ಮನೆಗಳ ಪುಸ್ತಕ ಭಾರವಲ್ಲ.

ನಾಲ್ಕನೆಯದು: ಮನೆಗೆ ಹೋಗುವ ರೀತಿ

ಇಬ್ಬರು ಹೋಗಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಮೊಬೈಲ್‌ನಲ್ಲಿ ಫೋಟೊ ತೆಗೆಯಬೇಡಿ. ಸಂಜೆ, ಕೂಲಿಯಿಂದ ಬಂದು ರೊಟ್ಟಿ ಬಡಿಯುವ ಹೊತ್ತಿಗೆ ಮುಂಚೆ ಹೋಗಿ. ಹೋದ ತಕ್ಷಣ ಆಧಾರ್ ಕೇಳುವ ಅಭ್ಯಾಸ ನಮ್ಮ ಕಚೇರಿಗಳಿಗೆ ಅಂಟಿಬಿಟ್ಟಿದೆ; ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಚಿತ್ತಾಪುರದ ಕಡೆಯ ಒಂದು ಮನೆ ಎಂದು ಊಹಿಸಿಕೊಳ್ಳಿ. ಅಂಗನವಾಡಿ ಕಾರ್ಯಕರ್ತೆ ಮತ್ತು ವಾರ್ಡಿನ ಸದಸ್ಯ ಹೊಸ್ತಿಲ ಹೊರಗೆ ಕೂತಿದ್ದಾರೆ.

“ಅಕ್ಕಾ, ದೊಡ್ಡವಳು ಕಾಣುವುದಿಲ್ಲ, ಎಲ್ಲಿ ಹೋಗಿದ್ದಾಳೆ?”

“ಹೊಲಕ್ಕೆ ಹೋಗಿದ್ದಾಳೆ ತಾಯಿ. ಅವರಪ್ಪ ಹೋದ ಮೇಲೆ ನಾನೊಬ್ಬಳೇ ದುಡಿದರೆ ಸಾಲದು.”

“ಮನೆಯ ಅಕ್ಕಿ, ಜೋಳ ಹೇಗೆ ನಡೆದಿದೆ?”

“ಕಾರ್ಡು ಅತ್ತೆಯ ಹೆಸರಿನಲ್ಲಿದೆ. ಅವರು ಈಗ ಸಣ್ಣ ಮಗನ ಮನೆಯಲ್ಲಿ ಇದ್ದಾರೆ.”

ಈ ನಾಲ್ಕು ಮಾತಿನಲ್ಲಿ ಎಲ್ಲವೂ ಬಂದಿದೆ. ಪಡಿತರ ಚೀಟಿ ಅತ್ತೆಯ ಹೆಸರಿನಲ್ಲಿ ಇರುವುದರಿಂದ ಅಕ್ಕಿಯೂ ಇಲ್ಲ, ಗೃಹಲಕ್ಷ್ಮಿ ಹಣವೂ ಇಲ್ಲ. ‘ಈ ಮನೆಗೆ ಎಲ್ಲ ಯೋಜನೆ ತಲುಪಿದೆ’ ಎಂದು ಕಂಪ್ಯೂಟರ್ ಹೇಳುತ್ತಿರುತ್ತದೆ, ಒಲೆ ಬೇರೆ ಮಾತು ಹೇಳುತ್ತದೆ. ಮರಳಿ ಬಂದು ಪುಸ್ತಕದಲ್ಲಿ ಬರೆಯಬೇಕಾದದ್ದು ಹೀಗಿರಲಿ:

‘ಗಂಡ ತೀರಿ ಎರಡು ತಿಂಗಳು. ಮೂವರು ಮಕ್ಕಳು, ದೊಡ್ಡವಳು ಎಂಟನೇ ತರಗತಿ, ಹನ್ನೊಂದು ದಿನದಿಂದ ಶಾಲೆಗಿಲ್ಲ. ಮರಣ ಪ್ರಮಾಣಪತ್ರ ಮಾಡಿಸಿಲ್ಲ. ಪಡಿತರ ಚೀಟಿ ಪ್ರತ್ಯೇಕವಾಗಬೇಕು. ಹೊಲ ಒಂದೂವರೆ ಎಕರೆ, ಗಂಡನ ಹೆಸರಿನಲ್ಲಿದೆ. ಕೈಸಾಲ ಇದೆ, ಮೊತ್ತ ಹೇಳಲಿಲ್ಲ. ಮರಣ ಪ್ರಮಾಣಪತ್ರ: ಕಾರ್ಯದರ್ಶಿ, ಈ ವಾರ. ಶಾಲೆ: ಮುಖ್ಯ ಶಿಕ್ಷಕರು, ನಾಳೆ. ಮರುಭೇಟಿ: ಹದಿನೈದು ದಿನಕ್ಕೆ.’

ಕೊನೆಯ ಮೂರು ಸಾಲು ಇಲ್ಲದಿದ್ದರೆ ಉಳಿದದ್ದೆಲ್ಲ ಬರಿಯ ಸಮೀಕ್ಷೆ. ಯಾರು ಮಾಡುತ್ತಾರೆ, ಯಾವ ದಿನದೊಳಗೆ, ಮತ್ತೆ ಯಾವಾಗ ಬಂದು ನೋಡುವುದು, ಇವನ್ನು ಬರೆಯದೆ ಪುಟ ತಿರುವಬೇಡಿ. ಸಮೀಕ್ಷೆಗಳಿಂದ ನಮ್ಮ ಜನ ಬೇಸತ್ತಿದ್ದಾರೆ. ಬರೆದುಕೊಂಡು ಹೋದವರು ಮರಳಿ ಬಂದರೆ ಮಾತ್ರ ಎರಡನೇ ಸಲ ನಿಜ ಹೇಳುತ್ತಾರೆ.

ಐದನೆಯದು: ಕಾಗದಪತ್ರ, ಸರಿಯಾದ ಅನುಕ್ರಮದಲ್ಲಿ

ಮೇಲಿನಂಥ ಮನೆಗೆ ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ. ಜನನ–ಮರಣ ಎರಡನ್ನೂ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ, ಆಗ ತಾಲ್ಲೂಕು ಕೇಂದ್ರಕ್ಕೆ ಅಲೆದಾಟ ಶುರು. ಸಾವು ಬೆಂಗಳೂರಿನ ಕಟ್ಟಡದಲ್ಲೋ ಪುಣೆಯ ಆಸ್ಪತ್ರೆಯಲ್ಲೋ ಆಗಿದ್ದರೆ ನೋಂದಣಿ ಅಲ್ಲಿಯೇ ಆಗಬೇಕು; ಮೃತದೇಹ ಊರಿಗೆ ತರುವ ಗಡಿಬಿಡಿಯಲ್ಲಿ ಆ ಕಾಗದ ಬಿಟ್ಟು ಬಂದಿರುತ್ತಾರೆ. ಜೊತೆಗಿದ್ದವರಿಗೆ ಅಂದೇ ಫೋನ್ ಮಾಡಿ ಆಸ್ಪತ್ರೆಯ ಕಾಗದ ಜೋಪಾನ ಮಾಡಲು ಹೇಳುವುದು ಪಂಚಾಯಿತಿ ಮಾಡಬಹುದಾದ ದೊಡ್ಡ ಉಪಕಾರ.

ಅದು ಕೈಗೆ ಬಂದ ಮೇಲೆ ಉಳಿದವು ಒಂದರ ಹಿಂದೆ ಒಂದು. ನಾಡಕಚೇರಿಯಲ್ಲಿ ವಿಧವಾ ವೇತನದ ಅರ್ಜಿ. ಬಡತನ ರೇಖೆಯ ಕೆಳಗಿನ ಕುಟುಂಬದಲ್ಲಿ ದುಡಿಯುವ ವ್ಯಕ್ತಿ 18ರಿಂದ 59 ವಯಸ್ಸಿನೊಳಗೆ ತೀರಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲಕ್ಕೆ 20,000 ರೂಪಾಯಿ. ಇದರ ಹೆಸರನ್ನೇ ಕೇಳದ ಮನೆಗಳು ಎಷ್ಟೋ ಇವೆ. ವಂಶಾವಳಿ ಮಾಡಿಸಿ ಪೌತಿ ಖಾತೆ. ಹೊಲ ಹೆಂಡತಿ, ಮಕ್ಕಳ ಹೆಸರಿಗೆ ಬರದಿದ್ದರೆ ಬೆಳೆ ಪರಿಹಾರವೂ ಇಲ್ಲ, ಬ್ಯಾಂಕಿನ ಬೆಳೆ ಸಾಲವೂ ಇಲ್ಲ, ಉಳಿಯುವುದು ಬಡ್ಡಿ ಸಾಲ ಒಂದೇ. ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವವಿದೆ, ಆಯ್ಕೆಯಾದ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಗಂಡ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತನಾಗಿದ್ದರೆ ಅಲ್ಲಿಂದಲೂ ಪರಿಹಾರ ಬರುತ್ತದೆ, ಹಳೆಯ ಟ್ರಂಕಿನಲ್ಲಿ ಕಾರ್ಡ್ ಇದೆಯೇ ನೋಡಲು ಹೇಳಿ.

ನಿಂತುಹೋದ ಪಿಂಚಣಿಗೆ ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು: ಆಧಾರ್‌ನ ಹೆಸರೂ ಬ್ಯಾಂಕ್ ಪುಸ್ತಕದ ಹೆಸರೂ ಹೊಂದುತ್ತಿಲ್ಲ, ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಖಾತೆ ಬಹಳ ದಿನ ಬಳಸದೆ ನಿಷ್ಕ್ರಿಯವಾಗಿದೆ, ಅಥವಾ ದುಡಿದು ಸವೆದ ಬೆರಳ ಗುರುತು ಯಂತ್ರಕ್ಕೆ ಹತ್ತುತ್ತಿಲ್ಲ. ನಾಲ್ಕನ್ನೂ ಸರಿಪಡಿಸಬಹುದು. ಅಜ್ಜಿ ಒಬ್ಬಳೇ ಬ್ಯಾಂಕಿಗೆ ಹೋದರೆ ‘ನಾಳೆ ಬಾ’, ಪಂಚಾಯಿತಿಯವರು ಜೊತೆಗಿದ್ದರೆ ಅಂದೇ ಕೆಲಸ. ಈ ವ್ಯತ್ಯಾಸವನ್ನೇ ಅಸಮಾನತೆ ಎನ್ನುವುದು. ಮಕ್ಕಳ ಆಧಾರ್‌ನಲ್ಲಿ ಐದನೇ ಮತ್ತು ಹದಿನೈದನೇ ವಯಸ್ಸಿನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು ಎಂಬುದನ್ನೂ ಶಾಲೆಯಲ್ಲೇ ತಿಳಿಸಿ ಮುಗಿಸಿಬಿಡಿ, ಇಲ್ಲವಾದರೆ ವಿದ್ಯಾರ್ಥಿವೇತನದ ಹೊತ್ತಿಗೆ ಪರದಾಟ.

ಹತ್ತನೇ ತರಗತಿಯ ಮಕ್ಕಳಿಗೆ ಇನ್ನೊಂದು ಕಾಗದ ಮುಖ್ಯ: 371(ಜೆ) ಅರ್ಹತಾ ಪ್ರಮಾಣಪತ್ರ. ಸಂವಿಧಾನದ ಈ ವಿಧಿಯಿಂದ ನಮ್ಮ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳು ಸ್ಥಳೀಯರಿಗೆ ಮೀಸಲು. ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ಕಲಬುರಗಿ ನಗರದ ವಕೀಲರ ಮಗ ಇದನ್ನು ಮೊದಲೇ ಮಾಡಿಸಿ ಇಟ್ಟುಕೊಂಡಿರುತ್ತಾನೆ, ಆಳಂದ ತಾಲ್ಲೂಕಿನ ಕೂಲಿಕಾರರ ಮಗಳು ಕೌನ್ಸೆಲಿಂಗ್‌ನ ವಾರದಲ್ಲಿ ಅದರ ಹೆಸರು ಕೇಳುತ್ತಾಳೆ. ಹಿಂದುಳಿದವರಿಗಾಗಿ ಬಂದ ವಿಧಿಯ ಲಾಭ ನಮ್ಮಲ್ಲೇ ಮುಂದಿದ್ದವರಿಗೆ ಹೋಗದಿರಬೇಕಾದರೆ ಪರೀಕ್ಷೆಗೆ ಮೊದಲೇ ಪಂಚಾಯಿತಿ ಶಾಲೆಗೆ ಹೋಗಿ ಅರ್ಜಿ ತುಂಬಿಸಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನೂ ಅದೇ ದಿನ ಸೇರಿಸಿಕೊಳ್ಳಿ.

ತಾಂಡಾಗಳ ಮಾತು ಬೇರೆ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಹೊಸದಾಗಿ ಕಂದಾಯ ಗ್ರಾಮಗಳಾದ ತಾಂಡಾಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಿ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಹಕ್ಕುಪತ್ರ ಗೋಡೆಗೆ ಚೌಕಟ್ಟು ಹಾಕಿ ಇಡುವ ಕಾಗದವಲ್ಲ. ಅದರ ಮೇಲೆ ಪಂಚಾಯಿತಿಯ ಇ–ಸ್ವತ್ತು (ಆನ್‌ಲೈನ್ ಆಸ್ತಿ) ದಾಖಲೆ ಆಗಿದೆಯೇ ನೋಡಿ. ಆಗಿದ್ದರೆ ಮಾತ್ರ ಬ್ಯಾಂಕ್ ಅದನ್ನು ನಂಬುತ್ತದೆ.

ಆರನೆಯದು: ಗುಳೆ ಹೋಗುವ ಮುನ್ನ

ಗುಳೆಯನ್ನು ಪೂರ್ತಿ ನಿಲ್ಲಿಸುತ್ತೇವೆ ಎಂಬ ಮಾತು ಬೇಡ. ದುಡಿಮೆಗೆ ಊರು ಬಿಡುವುದು ಜನರ ಹಕ್ಕೂ ಹೌದು, ಕೆಲವರಿಗೆ ಅದರಿಂದಲೇ ಮನೆ ಕಟ್ಟಲು ಸಾಧ್ಯವಾಗಿದೆ. ಮುಂಗಡಕ್ಕೆ ಸಿಕ್ಕಿ, ಮಕ್ಕಳನ್ನು ಕಟ್ಟಿಕೊಂಡು, ಯಾವ ಕಾಗದವೂ ಇಲ್ಲದೆ ಹೋಗುವ ಗುಳೆಯನ್ನು ತಪ್ಪಿಸುವುದು ನಮ್ಮ ಕೆಲಸ.

ಅದಕ್ಕೆ ಮೊದಲು ಊರಲ್ಲಿ ಕೆಲಸ. ತೊಗರಿ ರಾಶಿ ಮುಗಿಯುವ ಮೊದಲೇ ಉದ್ಯೋಗ ಖಾತರಿ ಕಾಮಗಾರಿಗಳು ಮಂಜೂರಾಗಿ ನಿಂತಿರಬೇಕು. ಕೆಲಸ ಕೇಳುವವರು ಬಾಯಿಮಾತಿನಲ್ಲಿ ಕೇಳದೆ ಲಿಖಿತ ಬೇಡಿಕೆ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಲಿ. ಬೇಡಿಕೆಯ 15 ದಿನದೊಳಗೆ ಕೆಲಸ, ಕೊಡದಿದ್ದರೆ ನಿರುದ್ಯೋಗ ಭತ್ಯೆ ಎಂಬುದು 2005ರ ಕಾಯ್ದೆ ಹಾಕಿಕೊಟ್ಟ ಪದ್ಧತಿ, ಅದರ ಬಲವೆಲ್ಲ ಆ ಸ್ವೀಕೃತಿ ಚೀಟಿಯಲ್ಲಿದೆ. ಚಿಕ್ಕ ಮಕ್ಕಳ ತಾಯಂದಿರು ಕೆಲಸಕ್ಕೆ ಬರಬೇಕಾದರೆ ‘ಕೂಸಿನ ಮನೆ’ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ತೆರೆದಿರಬೇಕು, ನಾಮಫಲಕ ಮಾತ್ರ ಇದ್ದರೆ ಸಾಲದು. ಕೂಲಿ ತಡವಾಗಿ ಬಂದರೆ ಮೇಸ್ತ್ರಿಯ ಮುಂಗಡವೇ ಗೆಲ್ಲುತ್ತದೆ. ಹಸಿವು ಹಾಜರಾತಿ ಪಟ್ಟಿಯ ಅನುಮೋದನೆಗೆ ಕಾಯುವುದಿಲ್ಲ.

ಹೋಗಲೇಬೇಕಾದವರಿಗೆ ಗುಳೆ ವಹಿ ಇಡಿ: ಯಾರು, ಎಲ್ಲಿಗೆ, ಮೇಸ್ತ್ರಿಯ ಫೋನ್, ಪಡೆದ ಮುಂಗಡ, ಮಕ್ಕಳು ಯಾರ ಜೊತೆ, ಯಾವಾಗ ಮರಳುತ್ತಾರೆ. ಪಡಿತರವನ್ನು ಅದೇ ಚೀಟಿಯ ಮೇಲೆ ಬೇರೆ ಊರಲ್ಲಿ, ಬೇರೆ ರಾಜ್ಯದಲ್ಲಿ ಕೂಡ ಪಡೆಯಬಹುದು ಎಂದು ಹೇಳಿ ಕಳಿಸಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕಾರ್ಮಿಕ ಮಂಡಳಿಯಲ್ಲಿ ನೋಂದಾಯಿಸಬಹುದು. ಗರ್ಭಿಣಿಯಿದ್ದರೆ ತಾಯಿ ಕಾರ್ಡ್, ಮಗುವಿದ್ದರೆ ಲಸಿಕೆ ಕಾರ್ಡ್ ಗಂಟಿನಲ್ಲಿ ಇದೆಯೇ ಎಂದು ಆಶಾ ಕಾರ್ಯಕರ್ತೆ ನೋಡಲಿ.

ಮಕ್ಕಳ ವಿಷಯದಲ್ಲಿ ಪಂಚಾಯಿತಿಗೆ ಆಯ್ಕೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಸ್ಥಳೀಯ ಸಂಸ್ಥೆಯ ಕರ್ತವ್ಯಗಳನ್ನು ಎಣಿಸಿದೆ: ತನ್ನ ವ್ಯಾಪ್ತಿಯ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು, ಅವರ ದಾಖಲಾತಿ, ಹಾಜರಾತಿ ನೋಡಿಕೊಳ್ಳುವುದು, ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು. ಇದನ್ನು ಶಿಕ್ಷಣ ಇಲಾಖೆಯ ಕೆಲಸ ಎಂದು ಕೈತೊಳೆದುಕೊಳ್ಳುವ ಪಂಚಾಯಿತಿ ಕಾನೂನನ್ನೇ ಮೀರುತ್ತಿದೆ. ಅಜ್ಜ–ಅಜ್ಜಿಯ ಬಳಿ ಬಿಟ್ಟು ಹೋಗುವ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆ, ಹುಡುಗಿಯರಿಗೆ ಕಸ್ತೂರಬಾ ವಸತಿ ಶಾಲೆ ಹತ್ತಿರ ಎಲ್ಲಿದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಜೊತೆಗೆ ಹೋಗುವ ಮಗುವಿಗೆ ಅಲ್ಲಿನ ಸರ್ಕಾರಿ ಶಾಲೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಕೊಡಲೇಬೇಕು, ವರ್ಗಾವಣೆ ಪತ್ರ ಇಲ್ಲವೆಂದು ತಡೆಯುವಂತಿಲ್ಲ. ತಂದೆ–ತಾಯಿಗೆ ಇದು ಗೊತ್ತಿದ್ದರೆ ಗೇಟಿನಿಂದಲೇ ಮರಳಿ ಬರುವುದಿಲ್ಲ.

ಬಾಲ್ಯವಿವಾಹದ ಸುಳಿವು ಸಿಕ್ಕರೆ ಮದುವೆಯ ದಿನ ಜೀಪು ಹತ್ತಿಸಿಕೊಂಡು ಹೋಗುವುದು ಕೊನೆಯ ದಾರಿ. ಅದಕ್ಕಿಂತ ಆರು ತಿಂಗಳು ಮೊದಲು, ಹುಡುಗಿ ಶಾಲೆ ಬಿಟ್ಟ ವಾರದಲ್ಲೇ ಮನೆಗೆ ಹೋದರೆ ತಂದೆಗೆ ಅವಮಾನವಿಲ್ಲದೆ ಮಾತು ಮುಗಿಯುತ್ತದೆ. ಪಿಡಿಒ ಸೇರಿದಂತೆ ಹಲವು ಇಲಾಖೆಗಳ ಅಧಿಕಾರಿಗಳು ಬಾಲ್ಯವಿವಾಹ ನಿಷೇಧಾಧಿಕಾರಿಗಳಾಗಿದ್ದಾರೆ. ಮಕ್ಕಳ ಸಹಾಯವಾಣಿ 1098 ಯಾರು ಬೇಕಾದರೂ ಕರೆ ಮಾಡಬಹುದಾದ ಸಂಖ್ಯೆ, ಆ ಹುಡುಗಿ ಕೂಡ.

ಏಳನೆಯದು: ಹಣ

ಮೇಲಿನ ಹೆಚ್ಚಿನ ಕೆಲಸಕ್ಕೆ ಹಣಕ್ಕಿಂತ ಕಾಲು ಸವೆಸುವುದು ಬೇಕು. ಆದರೂ ಸ್ವಲ್ಪ ಹಣ ಬೇಕು. ಆಸ್ಪತ್ರೆಗೆ ವಾಹನ, ಬೆರಳಚ್ಚು ಹತ್ತದ ಅಜ್ಜಿಗೆ ತಾಲ್ಲೂಕು ಕೇಂದ್ರಕ್ಕೆ ಆಟೊ, ಅಂಗವಿಕಲ ಮಗುವಿಗೆ ಗಾಲಿಕುರ್ಚಿ ಬರುವವರೆಗೆ ಒಂದು ಏರ್ಪಾಡು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಮೇಲಿನಿಂದ ಬರುವ ಹಣಕ್ಕೆ ಹೀಗೆ ಕಟ್ಟುಗಳಿರುತ್ತವೆ. ಕಟ್ಟು ಸಡಿಲವಿರುವುದು ಮನೆ ಕಂದಾಯ, ಮಳಿಗೆ ಬಾಡಿಗೆ, ಪೆಟ್ರೋಲ್ ಬಂಕ್, ಕಲ್ಲು ಗಣಿ, ಮೊಬೈಲ್ ಗೋಪುರಗಳ ತೆರಿಗೆಯಿಂದ ಬರುವ ಸ್ವಂತ ಸಂಪನ್ಮೂಲಕ್ಕೆ. ಅದರಲ್ಲಿ ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಮೀಸಲಿಡಬೇಕಾದ ಪಾಲು ಬೇರೆ ಇದೆ. ಅದು ವರ್ಷದ ಕೊನೆಗೆ ಸಿಕ್ಕಸಿಕ್ಕಲ್ಲಿ ಖರ್ಚಾಗುವ ಬದಲು ಸೂಚನೆಗಳ ಪುಸ್ತಕ ನೋಡಿ ಖರ್ಚಾಗಲಿ. ಉಳ್ಳವರ ಮನೆ, ಮಳಿಗೆ, ಬಂಕ್‌ಗಳ ತೆರಿಗೆ ಬಾಕಿ ವಸೂಲಿ ಮಾಡದೆ ಬಡವರಿಗೆ ನೆರವು ಎನ್ನುವ ಪಂಚಾಯಿತಿಯನ್ನು ನಾನು ನಂಬುವುದಿಲ್ಲ.

ಎಂಟನೆಯದು: ವಾರ್ಡ್ ಸಭೆ ಎಲ್ಲಿ ನಡೆಯುತ್ತದೆ?

ಕಾನೂನಿನಂತೆ ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಎಲ್ಲಿ ನಡೆಯುತ್ತದೆ ಎಂಬುದು ಅಷ್ಟೇ ಮುಖ್ಯ. ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿದರೆ ಕೇರಿಯ ಹೆಂಗಸರು ದೂರ ನಿಂತು ಕೇಳುತ್ತಾರೆ. ಒಮ್ಮೆ ಕೇರಿಯಲ್ಲಿ, ಒಮ್ಮೆ ತಾಂಡಾದಲ್ಲಿ ಸಭೆ ಇಡಿ; ಸಮಯ ಸಂಜೆಗೆ ಇರಲಿ. ಮಹಿಳಾ ಗ್ರಾಮ ಸಭೆ ಮತ್ತು ಮಕ್ಕಳ ಗ್ರಾಮ ಸಭೆಯನ್ನು ಫೋಟೊಗಾಗಿ ಮುಗಿಸಬೇಡಿ. ಯಾವ ಗೆಳತಿ ಶಾಲೆಗೆ ಬರುತ್ತಿಲ್ಲ, ಏಕೆ ಬರುತ್ತಿಲ್ಲ ಎಂದು ಮಕ್ಕಳಷ್ಟು ನೇರವಾಗಿ ಯಾರೂ ಹೇಳುವುದಿಲ್ಲ.

ಸೂಚನೆಗಳ ಪುಸ್ತಕದ ಹೆಸರುಗಳನ್ನು ಮಾತ್ರ ಯಾವ ಸಭೆಯಲ್ಲೂ ಓದಬೇಡಿ, ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ಕ್ಷಯ, ಎಚ್‌ಐವಿ, ಕುಡಿತ, ಸಾಲ ಇವು ಊರ ಬಾಯಿಗೆ ಬಿದ್ದರೆ ನೆರವು ಪಡೆದವರೇ ಮುಂದಿನ ಸಲ ಬಾಗಿಲು ಮುಚ್ಚುತ್ತಾರೆ. ಸಭೆಗೆ ಒಟ್ಟು ಲೆಕ್ಕ ಸಾಕು: ಎಷ್ಟು ಮನೆ ಸೇರಿದವು, ಎಷ್ಟು ಕೆಲಸ ಮುಗಿದವು, ಎಷ್ಟು ಬಾಕಿ, ಯಾವ ಕಚೇರಿಯಲ್ಲಿ ಬಾಕಿ.

ಕಲಬುರಗಿ, ಬೀದರ್‌ನಂಥ ನಗರಗಳ ವಾರ್ಡ್‌ಗಳಿಗೂ ಈ ಕ್ರಮ ಒಗ್ಗುತ್ತದೆ, ಅಲ್ಲಿ ಮನೆ ಬದಲಿಸುವವರು ಹೆಚ್ಚು ಎಂಬುದಷ್ಟೇ ವ್ಯತ್ಯಾಸ. ಊರುಗಳಿಂದ ಬಂದು ಕೊಳೆಗೇರಿಯಲ್ಲಿ ಬಾಡಿಗೆಗೆ ಇರುವವರನ್ನು ಮೊದಲು ಬಲ್ಲವರು ಪೌರಕಾರ್ಮಿಕರು ಮತ್ತು ಸರ್ಕಾರದ ‘ನಮ್ಮ ಕ್ಲಿನಿಕ್’ನ ಸಿಬ್ಬಂದಿ. ತಿಂಗಳ ಸಭೆಗೆ ಅವರನ್ನು ಕರೆಯಿರಿ.

ಪಂಚಾಯಿತಿ ಏನೂ ಮಾಡದಿದ್ದರೆ?

ನಿವಾಸಿಗಳು ತಾವೇ ಶುರು ಮಾಡಬಹುದು. ಸಂಜೀವಿನಿ ಗುಂಪಿನ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಮೇಲಿನ ಸೂಚನೆಗಳನ್ನು ಒಂದೊಂದಾಗಿ ಕೇಳಿ. ಐದಾರು ಮನೆ ಕಂಡರೆ ಅವರ ಒಪ್ಪಿಗೆ ಪಡೆದು ಪಿಡಿಒಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಕಾಲ ಕಾಯ್ದೆಯ ವ್ಯಾಪ್ತಿಯ ಸೇವೆಗಳಿಗೆ ದಿನಗಳ ಮಿತಿ ಇದೆ, ಅರ್ಜಿಯ ಸಕಾಲ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವಾರ್ಡ್ ಸಭೆಯಲ್ಲಿ ಅದೇ ಐದಾರು ಕೆಲಸಗಳು ಎಲ್ಲಿಗೆ ಬಂದವು ಎಂದು, ಹೆಸರು ಹೇಳದೆ, ಎದ್ದು ನಿಂತು ಕೇಳಿ.

ಕೊನೆಗೆ ಒಂದು ಮುಖ್ಯ ಕೆಲಸ ಉಳಿದಿದೆ. ಪಿಡಿಒ ವರ್ಗವಾಗುತ್ತಾರೆ, ಸದಸ್ಯರ ಅವಧಿ ಐದು ವರ್ಷಕ್ಕೆ ಮುಗಿಯುತ್ತದೆ. ಒಬ್ಬರ ಉತ್ಸಾಹದಿಂದ ನಡೆದ ಪುಸ್ತಕ ಅವರ ಜೊತೆಗೇ ಹೋಗಿಬಿಡುತ್ತದೆ. ಆದ್ದರಿಂದ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯ ಮಾಡಿ ನಡಾವಳಿಯಲ್ಲಿ ಬರೆಸಿ: ತಿಂಗಳ ಸಭೆಯ ದಿನ ಯಾವುದು, ಪುಸ್ತಕ ಯಾರ ಬೀಗದಲ್ಲಿ ಇರುತ್ತದೆ, ಅಧಿಕಾರ ವಹಿಸಿಕೊಡುವಾಗ ಕಡತಗಳ ಪಟ್ಟಿಯಲ್ಲಿ ಸೂಚನೆಗಳ ಪುಸ್ತಕವೂ ಗುಳೆ ವಹಿಯೂ ಸೇರಿರಬೇಕು. ಹೊಸ ಪಿಡಿಒ ಬಂದ ಮೊದಲ ವಾರದಲ್ಲಿ ಬಾಕಿ ಇರುವ ಮನೆಗಳಿಗೆ ಅಂಗನವಾಡಿ ಕಾರ್ಯಕರ್ತೆಯೇ ಅವರನ್ನು ಕರೆದೊಯ್ಯಲಿ.